ಸುಳ್ಯವ್ವನ ಕುಬುಸ

ಜೇವರ್ಗಿ ಸಂತೆಯಲ್ಲಿ ಕೊತ್ತಂಬರಿ ಮಾರುವ ಹೆಣ್ಣುಮಗಳು ಸಂಜೆಯಾಗುತ್ತಲೇ ಸೂಡುಗಳ ಬೇರು ಕತ್ತರಿಸಿ, ಬಾಡಿದ ದಂಟನ್ನೆಲ್ಲ ಒಂದು ಕಡೆ ರಾಶಿ ಹಾಕಿಬಿಡುತ್ತಾಳೆ. ಮೊನ್ನೆ ಶಾಲೆ ಬಿಟ್ಟು ಆ ರಾಶಿಯ ಪಕ್ಕ ಹಾದು ಬರುವಾಗ ವಾಸನೆ ಮೂಗಿಗೆ ಬಂತು. ಹಸಿ ದಂಟು, ಒದ್ದೆ ಮಣ್ಣು, ಕೊಳೆಯಲು ಶುರುವಾದ ಎಲೆ... ಕಾಲು ಮೊದಲೇ ಸೋತಿದ್ದವು. ಅಲ್ಲೇ ಅಂಗಡಿ ಕಟ್ಟೆಯ ಮೇಲೆ ಕೂತುಬಿಟ್ಟೆ. "ಯಾಕ್ರಿ ಟೀಚರ್, ಆರಾಮ್ ಇಲ್ಲೇನ್ರಿ?" ಎಂದಳು ಆಕೆ. ಆರಾಮವಾಗಿಯೇ ಇದ್ದೆ. ಆಳಂದದ ಕಾಕು ನೆನಪಾಗಿದ್ದರು, ಅಷ್ಟೆ. ಈಚೆಗೆ ನನಗೆ ನೆನಪುಗಳು ಬರುವುದೂ ದಣಿವಾದಾಗಲೇ.

ಕಾಕು ಎಂದರೆ ಚಿಕ್ಕಮ್ಮ, ಆದರೆ ಅವರು ನನಗೆ ಯಾವ ಸಂಬಂಧದಿಂದಲೂ ಕಾಕು ಅಲ್ಲ. ಆಳಂದದಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಒಡತಿ. ಕಡಗಂಚಿ ಕಡೆಯ ಒಂದು ಹಳ್ಳಿಯಲ್ಲಿ ನನಗೆ ಮೊದಲ ನೌಕರಿ ಸಿಕ್ಕಿತ್ತು. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ಗದ್ದಲದ ಮಕ್ಕಳು. ವಾಪಸು ಬಂದು ಬಾಗಿಲು ತೆಗೆಯುವಷ್ಟರಲ್ಲಿ ಕಾಕು ಗೋಡೆಯಾಚೆಯಿಂದ "ಬಂದೇನವ್ವ? ರೊಟ್ಟಿ ಬಡದಿಟ್ಟೇನಿ, ತಿಂದು ಮಕ್ಕೋ" ಎನ್ನುತ್ತಿದ್ದರು. ಓಣಿಯವರೆಲ್ಲ ಅವರನ್ನು ಕಾಕು ಎಂದೇ ಕರೆಯುತ್ತಿದ್ದರು, ಅವರಿಗಿಂತ ದೊಡ್ಡವರೂ ಸಹ.

ಮದುವೆಯಾಗಿ ವರ್ಷ ತುಂಬುವ ಮುಂಚೆ ಅವರ ಗಂಡ ಹೊಲದಲ್ಲಿ ಹಾವು ಕಚ್ಚಿ ತೀರಿಕೊಂಡಿದ್ದ. ಇದರಲ್ಲಿ ಅವರ ತಪ್ಪೇನು ಎಂದು ಕೇಳಬೇಡಿ. ನಮ್ಮ ಕಡೆ ಎತ್ತು ಕೊಳ್ಳುವವರು ಹಲ್ಲು ನೋಡುತ್ತಾರೆ, ಗೊರಸು ನೋಡುತ್ತಾರೆ, ಆಮೇಲೆ ಸುಳಿ ನೋಡುತ್ತಾರೆ. ಮೈಮೇಲಿನ ಕೂದಲು ಗಿರ್ರನೆ ತಿರುಗಿ ಚಕ್ರದ ಹಾಗೆ ಕೂತಿರುತ್ತದಲ್ಲ, ಅದು ಸುಳಿ. ಇಂಥ ಜಾಗದಲ್ಲಿದ್ದರೆ ಒಳ್ಳೆಯದು, ಇಂಥ ಜಾಗದಲ್ಲಿದ್ದರೆ ಮನೆ ಹಾಳು. ಹೆಣ್ಣು ನೋಡಲು ಹೋದವರೂ ನೆತ್ತಿ ಸವರುವ ನೆಪದಲ್ಲಿ ಅದನ್ನೇ ಹುಡುಕುತ್ತಾರೆ. ಕಾಕುವಿನ ನೆತ್ತಿಯಲ್ಲಿ ಎರಡು ಸುಳಿ ಇದ್ದವು. ಮದುವೆಗೆ ಮುಂಚೆ ಯಾರಿಗೂ ಕಾಣದ ಆ ಸುಳಿಗಳು ಗಂಡ ಸತ್ತ ಮೇಲೆ ಎಲ್ಲರಿಗೂ ಕಂಡವು.

ಮೈಲಿಗೆ ಇಲ್ಲ, ಸೂತಕ ಇಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಮನೆತನಗಳು ನಮ್ಮವು. ಎಲ್ಲರ ಕೊರಳಲ್ಲೂ ಅದೇ ಲಿಂಗ. ಆದರೂ ಓಣಿಯಲ್ಲಿ ಕುಬುಸ ಬಂತೆಂದರೆ, ಅಂದರೆ ಬಸುರಿಗೆ ಹಸಿರು ಸೀರೆ ಉಡಿಸಿ ಆರತಿ ಮಾಡುವ ಕಾರ್ಯ ಬಂತೆಂದರೆ, ಕಾಕುವಿಗೆ ಅಡುಗೆಮನೆಯಷ್ಟೇ ಸಿಗುತ್ತಿತ್ತು. ಹೂರಣ ರುಬ್ಬಲು ಕಾಕು ಬೇಕು, ಹೋಳಿಗೆ ಹರಿಯದಂತೆ ಬೇಯಿಸಲು ಕಾಕು ಬೇಕು. ಕೊನೆಗೆ ಮುತ್ತೈದೆಯರು ಬಸುರಿಯ ಸೆರಗಿನಲ್ಲಿ ಜೋಳ, ಕೊಬ್ಬರಿ, ಉತ್ತತ್ತಿ, ರವಿಕೆಯ ಖಣ ಹಾಕಿ ಉಡಿ ತುಂಬುವ ಹೊತ್ತಿಗೆ ಮಾತ್ರ ಕಾಕು ಅಲ್ಲಿರಬಾರದು. ಹಾಗಂತ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಕಾಕು, ಒಳಗ ಹಾಲು ಉಕ್ಕಾಕತ್ತದೇನು, ನೋಡ್ರಿ" ಎನ್ನುತ್ತಿದ್ದರು. ಕಾಕು ಎದ್ದು ಒಳಗೆ ಹೋಗುತ್ತಿದ್ದರು. ನನಗಂತೂ ಈ ಉಪಾಯ ಕಂಡರೆ ಮೈ ಉರಿಯುತ್ತಿತ್ತು.

ಗಿನಿ ಪಿಗ್‌ಗಳು ಆ ಮನೆಗೆ ಬಂದದ್ದು ಕಾಕುವಿನ ಕಣ್ಣಿನ ಪೊರೆಯಿಂದ. ಆಪರೇಷನ್ನಿಗೆ ಸೊಲ್ಲಾಪುರಕ್ಕೆ ಹೋದಾಗ ಜೊತೆಗೆ ನಾನಿದ್ದೆ. ಪಟ್ಟಿ ಬಿಚ್ಚಿದ ದಿನ, ಬಸ್ಸಿಗೆ ಹೊತ್ತಿದೆಯೆಂದು ಪೇಟೆಯಲ್ಲಿ ಸುತ್ತುವಾಗ, ಗಿಳಿ, ಮೀನು ಮಾರುವ ಅಂಗಡಿಯೊಂದರ ಮುಂದೆ ಕಾಕು ನಿಂತರು. ಹೊಸ ಕಣ್ಣಿಗೆ ಎಲ್ಲವೂ ತಮಾಷೆಯೇ. ಕಟ್ಟಿಗೆ ಪೆಟ್ಟಿಗೆಗಳ ತುಂಬ ಬಾಲವಿಲ್ಲದ, ಗಿಡ್ಡ ಕಾಲಿನ, ಅಂಗೈ ತುಂಬುವಷ್ಟು ದಪ್ಪನೆಯ ಪ್ರಾಣಿಗಳು ಪಿಟಿಪಿಟಿ ಕಣ್ಣು ಬಿಟ್ಟುಕೊಂಡು ಕೂತಿದ್ದವು. ಸೊಲ್ಲಾಪುರದಲ್ಲಿ ಕನ್ನಡಕ್ಕೇನು ಕೊರತೆ? ಅಂಗಡಿಯವನು ಒಂದೊಂದನ್ನೇ ಎತ್ತಿ ಹೆಸರು ಹೇಳಿದ. ನುಣ್ಣನೆಯ ಗಿಡ್ಡ ಕೂದಲಿನದು ಅಮೆರಿಕನ್. ಮುಖ ಯಾವ ಕಡೆ, ಬೆನ್ನು ಯಾವ ಕಡೆ ತಿಳಿಯದಷ್ಟು ಕೂದಲು ಇಳಿಬಿಟ್ಟದ್ದು ಪೆರುವಿಯನ್. ಶೆಲ್ಟಿ ಎಂಬುದರದ್ದೂ ಉದ್ದ ಕೂದಲೇ, ಆದರೆ ಮುಖದ ಮೇಲೆ ಬೀಳದೆ ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಹಾಗೆ ಇತ್ತು. ಟೆಡ್ಡಿಯ ಮೈ ಕಂಬಳಿಯ ಹಾಗೆ ಒರಟು, ಒತ್ತೊತ್ತು. ಮೈಮೇಲೆ ಕೂದಲೇ ಇಲ್ಲದ ಒಂದಿತ್ತು. ಮೂತಿಯ ಮೇಲಷ್ಟೇ ನಾಲ್ಕು ರೋಮ. ಕಾಕು ಅದನ್ನು ನೋಡಿ, "ಅಯ್ಯ ನಮ್ಮಪ್ಪ, ಇದಕೊಂದು ಅಂಗಿ ಹೊಲಿಸೋ" ಎಂದು ನಕ್ಕರು.

ಕೊನೆಯ ಪೆಟ್ಟಿಗೆಯಲ್ಲಿ ಕಂದು, ಕಪ್ಪು, ಬಿಳಿ ಕಲೆಸಿದ ಬಣ್ಣದ ಒಂದು ಹೆಣ್ಣು ಕೂತಿತ್ತು. ಕೂದಲೆಲ್ಲ ಎದ್ದು ನಿಂತು, ಹಣೆಯ ಮೇಲೆ, ಹೆಗಲ ಮೇಲೆ, ಸೊಂಟದ ಮೇಲೆ, ಎಲ್ಲೆಂದರಲ್ಲಿ ಸುಳಿ. ಕಾಕುವಿನ ನಗು ನಿಂತಿತು.

"ಇದಕ್ಯಾಕಪ್ಪ ಹಿಂಗ?" ಎಂದರು.

"ಮಾವ್ಶಿ, ಇದು ಅಬಿಸಿನಿಯನ್ರಿ. ಇದರ ಸುಳಿನೇ ಇದರ ಚಂದ. ಸುಳಿ ಇದ್ದಷ್ಟು ಅಸಲಿ ಅಂತಾರ."

"ಏನಂದಿ? ಇನ್ನೊಮ್ಮೆ ಹೇಳು."

ಅವನು ಇನ್ನೊಮ್ಮೆ ಹೇಳಿದ. ಕಾಕು ಮತ್ತೂ ಒಮ್ಮೆ ಹೇಳಿಸಿಕೊಂಡರು. ಆಮೇಲೆ ಸೆರಗಿನ ಗಂಟು ಬಿಚ್ಚಿದರು. ಇವು ಒಂಟಿಯಾಗಿ ಬದುಕುವ ಜೀವವಲ್ಲ, ಜೊತೆ ಇಲ್ಲದಿದ್ದರೆ ಕೊರಗುತ್ತವೆ ಎಂದು ಅಂಗಡಿಯವನು ಹೇಳಿದ್ದಕ್ಕೆ ಗಿಡ್ಡ ಕೂದಲಿನ ಬೆಣ್ಣೆ ಬಣ್ಣದ ಒಂದನ್ನೂ ತೆಗೆದುಕೊಂಡರು. ಎರಡೂ ಹೆಣ್ಣೇ ಎಂದು ಅವನು ಆಣೆ ಮಾಡಿದ. ಅಕ್ಕಲಕೋಟೆ ದಾರಿಯುದ್ದಕ್ಕೂ ಬುಟ್ಟಿ ಕಾಕುವಿನ ತೊಡೆಯ ಮೇಲಿತ್ತು.

ಸುಳಿಯದಕ್ಕೆ ಸುಳ್ಯವ್ವ ಎಂದೇ ಹೆಸರಿಟ್ಟರು, ಇನ್ನೊಂದಕ್ಕೆ ಬೆಣ್ಣೆವ್ವ. ಓಣಿಯವರು ಎರಡನ್ನೂ ಸೊಲ್ಲಾಪುರದ ಇಲಿ ಎಂದರು. ಪುಸ್ತಕದಲ್ಲಿ ಗಿನಿಹಂದಿ ಎಂದಿರುವುದನ್ನು ನಾನು ಎದುರಿನ ಮುಸ್ಲಿಮರ ಮನೆಯ ಖಾಲಾ ಮುಂದೆ ಬಾಯಿಬಿಡಲಿಲ್ಲ. ಆ ಮನೆಯಿಂದಲೇ ದಿನಾ ಮೇವು ಬರಬೇಕಿತ್ತು. ಖಾಲಾ ಗಂಡನದು ಕಾಯಿಪಲ್ಲೆ ಗಾಡಿ. ಮಾರಿ ಉಳಿದ ಕೊತ್ತಂಬರಿ ದಂಟು, ಮೆಂತ್ಯೆ, ಸುಕ್ಕಿದ ದಪ್ಪ ಮೆಣಸಿನಕಾಯಿ ಎಲ್ಲ ಸಂಜೆ ಕಾಕುವಿನ ಅಂಗಳಕ್ಕೆ ಬರುತ್ತಿತ್ತು. ಖಾಲಾ ಚೀಲ ಸರಬರ ಅನ್ನಿಸಿದರೆ ಸಾಕು, ಒಳಗಿನಿಂದ ಎರಡೂ ಸೀಟಿ ಹೊಡೆಯುತ್ತಿದ್ದವು. "ಯಾ ಅಲ್ಲಾ, ನನ್ನ ಮಕ್ಕಳೂ ಹಿಂಗ ಕರೆಯಲ್ಲ" ಎನ್ನುತ್ತಿದ್ದರು ಖಾಲಾ.

ದಣಿದು ಬಂದವರಿಗೆ ಅವುಗಳಷ್ಟು ಒಳ್ಳೆಯ ಜೊತೆ ಇನ್ನೊಂದಿಲ್ಲ. ಬೊಗಳುವುದಿಲ್ಲ, ಕಾಲಿಗೆ ಅಡರುವುದಿಲ್ಲ. ತೊಡೆಯ ಮೇಲಿಟ್ಟುಕೊಂಡು ಕಿವಿಯ ಹಿಂದೆ ಸವರಿದರೆ ಗುರ್ರ್ ಎಂದು ಮೈಯೆಲ್ಲ ನಡುಗಿಸುತ್ತವೆ. ಖುಷಿಯಾದರೆ ನಿಂತಲ್ಲೇ ಟಣ್ಣನೆ ಹಾರುತ್ತವೆ. ಹಂಚಿನ ಮೇಲೆ ಜೋಳದ ಅಳ್ಳು ಸಿಡಿದ ಹಾಗೆ, ಯಾವ ಕಡೆಗೆ ಎಂದಿಲ್ಲ. ಕಾಕು ದಿನಾ ನೆಲ್ಲಿಕಾಯಿ ಹೆಚ್ಚಿ ಕೊಡುತ್ತಿದ್ದರು. ಅದಿಲ್ಲದಿದ್ದರೆ ಅವುಗಳ ವಸಡು ಹುಣ್ಣಾಗುತ್ತದೆ, ಕೀಲು ಹಿಡಿಯುತ್ತದೆ ಎಂದು ಅಂಗಡಿಯವನು ಎಚ್ಚರಿಸಿದ್ದ. ನಾನು ಮಾತಿಲ್ಲದೆ ಸುಳ್ಯವ್ವನನ್ನು ಎತ್ತಿಕೊಂಡು ಎಷ್ಟೋ ಸಂಜೆ ಕಳೆದಿದ್ದೇನೆ...

ಪಕ್ಕದ ಮನೆಯಲ್ಲಿ ದನದ ದಲಾಲರಿದ್ದರು. ಸಂತೆಗಳನ್ನು ಸುತ್ತಿ ಎತ್ತು ಕೊಡಿಸುವುದು ಅವರ ಕಸುಬು. ಒಂದು ದಿನ ಬಂದು, ಸುಳ್ಯವ್ವನನ್ನು ಅಂಗೈಯಲ್ಲಿ ಹಿಡಿದು, ಎತ್ತನ್ನು ನೋಡುವಷ್ಟೇ ಗಂಭೀರವಾಗಿ ಹಣೆಯಿಂದ ಹಿಂಗಾಲಿನವರೆಗೆ ಬೆರಳಾಡಿಸಿದರು.

"ಕಾಕು, ಒಂದೂ ಛಲೋ ಜಾಗದಾಗ ಇಲ್ರಿ. ಎತ್ತಾಗಿದ್ರ ನಾ ಬಾಗಿಲೊಳಗ ಬಿಡ್ತಿದ್ದಿಲ್ಲ."

"ಎತ್ತಲ್ಲ ಬಿಡ್ರಿ ಅಣ್ಣಾರ. ಇದರ ಊರಾಗ ಸುಳಿ ಇದ್ದಷ್ಟು ಅಸಲಿ ಅಂತಾರಂತ."

"ಯಾವ ಊರ್ರಿ ಅದು?"

"ಭಾಳ ದೂರ ಅದ" ಎಂದರು ಕಾಕು. ದಲಾಲರು ಕೈ ತೊಳೆದುಕೊಂಡು ಹೋದರು.

ಮುಂದೆ ಆದದ್ದೆಲ್ಲ ಆ ಅಂಗಡಿಯವನ ಆಣೆಯಿಂದ. ಬೆಣ್ಣೆವ್ವ ಹೆಣ್ಣಲ್ಲ ಎಂಬುದು ಮೊದಲು ಗೊತ್ತಾದದ್ದು ಖಾಲಾಗೆ. ಸುಳ್ಯವ್ವನ ಹೊಟ್ಟೆ ಎರಡೂ ಕಡೆ ಉಬ್ಬಿದ್ದನ್ನು ನೋಡಿ, "ಬೇ, ನಿಮ್ಮ ಸುಳ್ಯವ್ವಂಗ ದಿನ ತುಂಬಾಕತ್ತಾವ" ಎಂದು ಬಿದ್ದುಬಿದ್ದು ನಕ್ಕರು. ಅಂದಿನಿಂದ ಬೆಣ್ಣೆವ್ವ ಬೆಣ್ಣೆಪ್ಪನಾಗಿ ಬೇರೆ ಪೆಟ್ಟಿಗೆಗೆ ಹೋದ.

ಅದೇ ವಾರ ದಲಾಲರ ಮನೆಯಲ್ಲಿ ಸೊಸೆಯ ಕುಬುಸ. ಅಫಜಲಪುರದ ಹುಡುಗಿ, ಚೊಚ್ಚಲ ಬಸುರಿ. ಕುಬುಸ ಮುಗಿಸಿಕೊಂಡು ಹೆರಿಗೆಗೆ ತವರಿಗೆ ಹೋಗುವವಳಿದ್ದಳು. ಬೆಳಗಿನಿಂದ ಕಾಕು ಬೆವರು ಸುರಿಸಿ ಹೋಳಿಗೆ ಬೇಯಿಸಿದರು. ಉಡಿ ತುಂಬುವ ಹೊತ್ತಿಗೆ ದಲಾಲರ ಹೆಂಡತಿ ಎಂದಿನ ಹಾಗೆ ಹಾಲಿನ ಮಾತು ತೆಗೆದರು. ಕಾಕು ಒಳಗೆ ಹೋದರು. ನಾನೂ ಹಿಂದೆ ಹೋದೆ. ಒಲೆ ಆರಿ ಎಷ್ಟೋ ಹೊತ್ತಾಗಿತ್ತು. ಹಾಲು ತಣ್ಣಗೆ ಕೆನೆ ಕಟ್ಟಿತ್ತು. ಕಾಕು ಅದನ್ನೇ ನೋಡುತ್ತ ನಿಂತರು. ಆಮೇಲೆ ಹಿತ್ತಿಲ ಬಾಗಿಲಿನಿಂದ ಮನೆಗೆ ಬಂದರು.

"ನಾಳಿಗಿ ಸುಳ್ಯವ್ವಂದು ಕುಬುಸ ಮಾಡ್ತೇನಿ. ಓಣಿಗೆಲ್ಲ ಹೇಳ್ತೇನಿ. ಬರೋರು ಬರ್ಲಿ" ಎಂದರು ನನಗೆ.

ಹುಡುಗಾಟ ಎಂದು ನಾನು ನಗಲಿಲ್ಲ. ಅವರಿಗೆ ಬೇಕಾಗಿದ್ದದ್ದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ಮಂದಿ ಹೆಣ್ಣುಮಕ್ಕಳ ಎದುರಿಗೆ, ಯಾರೂ ಒಳಗೆ ಕಳಿಸದೆ, ಒಂದು ಉಡಿಗೆ ತಮ್ಮ ಕೈಯಿಂದ ಕಾಳು ಹಾಕಬೇಕು. ಅದು ಇಲಿಯಷ್ಟು ಪ್ರಾಣಿಯ ಉಡಿಯಾದರೂ ಸರಿ.

ಮರುದಿನ ಮಧ್ಯಾಹ್ನ ಓಣಿ ಹೆಚ್ಚುಕಡಿಮೆ ಪೂರ್ತಿ ಬಂತು. ತಮಾಷೆ ನೋಡಲು ಬಂದರು, ಸುಳ್ಳೇಕೆ ಹೇಳಲಿ? ಖಾಲಾ ಎಲ್ಲರಿಗಿಂತ ಮುಂದೆ ಕೂತಿದ್ದರು. ಹಸಿರು ಖಣದ ತುಂಡೊಂದನ್ನು ಸುಳ್ಯವ್ವನ ಬೆನ್ನಿಗೆ ಹೊದಿಸಿದ್ದಾಯಿತು. ಮಲ್ಲಿಗೆ ಎಸಳೊಂದು ತಲೆಯ ಮೇಲೆ ಬಿದ್ದದ್ದೇ ತಡ, ಆಕೆ ಅದನ್ನು ತಿಂದಳು. ಮುಂದಿಟ್ಟ ಕೊತ್ತಂಬರಿ ತಿಂದಳು, ಖಣದ ಅಂಚನ್ನೂ ಕಡಿಯಲು ನೋಡಿದಳು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಕು ಬಟ್ಟಲಿನಿಂದ ಜೋಳ ತೆಗೆದು ಖಣದ ಮಡಿಕೆಗೆ ಹಾಕಿದರು, ಒಂದು ಚೂರು ಕೊಬ್ಬರಿ ಇಟ್ಟರು. ಮುಖ ಕೆಂಪಾಗಿತ್ತು.

ಆಗ ದಲಾಲರ ಸೊಸೆ ಎದ್ದು ಬಂದಳು. ಹೊಟ್ಟೆ ಹೊತ್ತುಕೊಂಡು ನಿಧಾನವಾಗಿ ಕಾಕುವಿನ ಮುಂದೆ ಕೂತು ಸೆರಗು ಹಾಸಿದಳು.

"ಕಾಕು, ನಂದೂ ಒಂದೀಟು ತುಂಬ್ರಿ. ನಾಡದು ಊರಿಗಿ ಹೋಗಾಕಿ ಇದ್ದೇನಿ."

ನಗು ನಿಂತುಹೋಯಿತು. ಅವಳ ಅತ್ತೆ, ಅಂದರೆ ದಲಾಲರ ಹೆಂಡತಿ, ಗೋಡೆಯ ಕಡೆ ನೋಡುತ್ತಿದ್ದರು. ಬೇಡ ಎನ್ನಲು ಅಲ್ಲಿ ಹಾಲಿನ ನೆಪವೂ ಇರಲಿಲ್ಲ. ಕಾಕು ಒಮ್ಮೆ ಆಕೆಯನ್ನು ನೋಡಿದರು, ಒಮ್ಮೆ ಹುಡುಗಿಯನ್ನು. ಆಮೇಲೆ ಬೊಗಸೆ ಬೊಗಸೆ ಜೋಳ ತೆಗೆದು ಆ ಸೆರಗಿಗೆ ಸುರಿದರು. ಕಾಳು ನೆಲದ ಮೇಲೆಲ್ಲ ಚೆಲ್ಲಿದವು. "ಚಂದಂಗ ಹಡದು ಬಾ ನನ್ನವ್ವ" ಎಂದರು. ನಾನೂ ಖಾಲಾನೂ ಅತ್ತೆವು. ಕಾಕು ಮಾತ್ರ ಅಳಲಿಲ್ಲ. ಅಂದಿನ ಹಾಗೆ ಅವರನ್ನು ನಾನು ಮತ್ತೆಂದೂ ನೋಡಲಿಲ್ಲ...

ಹತ್ತಿಪ್ಪತ್ತು ದಿನ ಕಳೆದಿರಬೇಕು. ಹುಡುಗಿ ಅಫಜಲಪುರದಲ್ಲಿದ್ದಳು. ಒಂದು ಭಾನುವಾರ ಮುಂಜಾನೆ ಸುಳ್ಯವ್ವನಿಗೆ ಬೇನೆ ಶುರುವಾಯಿತು. ಎರಡು ಮರಿ ಹಾಕಿದಳು. ಅವುಗಳ ಮರಿ ಹುಟ್ಟುವುದನ್ನು ನೋಡಬೇಕು ನೀವು. ಕಣ್ಣು ಬಿಟ್ಟುಕೊಂಡೇ, ಮೈತುಂಬ ಕೂದಲು ಹೊತ್ತುಕೊಂಡೇ ಬರುತ್ತವೆ. ಸ್ವಲ್ಪ ಹೊತ್ತಿಗೆಲ್ಲ ಎದ್ದು ಓಡಾಡುತ್ತವೆ. ಎರಡರ ಮೈಮೇಲೂ ಸುಳಿ ಇದ್ದವು. ಮೂರನೆಯದು ಮಾತ್ರ ಬರಲಿಲ್ಲ. ದನದ ಡಾಕ್ಟರು ಬಂದು ನೋಡಿ, ಇಷ್ಟು ಸಣ್ಣ ಜೀವಕ್ಕೆ ಕೈಹಾಕುವುದು ತಮ್ಮಿಂದಾಗದು, ಸೊಲ್ಲಾಪುರಕ್ಕೆ ಒಯ್ಯಿರಿ ಎಂದರು. ಸಿಕ್ಕ ಬಸ್ಸು ಹತ್ತಿದೆವು. ಅಕ್ಕಲಕೋಟೆ ಬರುವ ಮೊದಲೇ ಕಾಕುವಿನ ಮಡಿಲಲ್ಲಿ ಸುಳ್ಯವ್ವನ ಉಸಿರು ನಿಂತಿತು. ಮೊದಲ ಬಸುರು ತಡವಾದರೆ ಇವುಗಳ ಸೊಂಟದ ಎಲುಬು ಬಿಡಿಸಿಕೊಳ್ಳುವುದಿಲ್ಲ, ಹೀಗಾಗುವುದುಂಟು ಎಂದು ಸೊಲ್ಲಾಪುರದ ಡಾಕ್ಟರು ಆಮೇಲೆ ಫೋನಿನಲ್ಲಿ ಹೇಳಿದರು. ಕಾಕುವೂ ಅದನ್ನು ಕೇಳಿಸಿಕೊಂಡರು.

ಆ ಭಾನುವಾರ ಸಂಜೆಯೇ ದಲಾಲರ ಹೆಂಡತಿ ಬಂದು ಹೊಸ್ತಿಲ ಹೊರಗೇ ಕೂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಕಾಕು, ಅವತ್ತು ನಮ್ಮ ಹುಡುಗಿಗಿ ಹಾಕಿದ ಜ್ವಾಳ, ಇದಕ್ಕ ಹಾಕಿದ ಜ್ವಾಳ, ಒಂದೇ ಬಟ್ಟಲದಾಗಿಂದೇನ್ರಿ?"

"ಹೌದ್ರಿ" ಎಂದರು ಕಾಕು.

ಆಕೆ ತಲೆಯಾಡಿಸಿ ಎದ್ದು ಹೋದರು.

ಅಲ್ಲಿಂದ ಹುಡುಗಿಯ ಹೆರಿಗೆಯವರೆಗೆ ಕಾಕು ಹೇಗೆ ಬದುಕಿದರೋ ನನಗೆ ಗೊತ್ತಿಲ್ಲ. ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದರು. ದಲಾಲರ ಮನೆಯಲ್ಲಿ ಫೋನು ರಿಂಗಾದರೆ ಗೋಡೆಗೆ ಕಿವಿ ಹಚ್ಚಿ ನಿಲ್ಲುತ್ತಿದ್ದರು. ತಾಯಿಯಿಲ್ಲದ ಮರಿಗಳಿಗೆ ಕೊತ್ತಂಬರಿ ಹಾಕುವುದೂ ಮರೆತುಹೋಗುತ್ತಿತ್ತು, ನಾನು ಹಾಕುತ್ತಿದ್ದೆ. ಡಾಕ್ಟರು ಹೇಳಿದ ಎಲುಬಿನ ಮಾತನ್ನು ನೂರು ಸಲ ಹೇಳಿದೆ. "ನಿನಗ ಗೊತ್ತದ, ನನಗ ಗೊತ್ತದ. ಆ ಹುಡುಗಿಗಿ ಏನರ ಆದ್ರ ಎಲುಬಿನ ಮಾತು ಯಾರು ಕೇಳ್ತಾರವ್ವ?" ಎಂದರು. ಘತ್ತರಗಿಯ ದೇವಿ ಭಾಗ್ಯವಂತಿಗೆ ಹರಕೆ ಹೊತ್ತರು. ದಿನದಿನಕ್ಕೆ ಕುಗ್ಗಿ ಹೋಗುತ್ತಿದ್ದರು. ಕೇವಲ ಒಂದು ಬೊಗಸೆ ಜೋಳಕ್ಕೆ ಇಷ್ಟು ಶಿಕ್ಷೆಯೇ ಎಂದು ನನಗೆ ಅನ್ನಿಸುತ್ತಿತ್ತು.

ಹುಡುಗಿ ಸುಸೂತ್ರವಾಗಿ ಹೆತ್ತಳು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಆರಾಮ. ಸುದ್ದಿ ತಂದ ದಲಾಲರ ಹೆಂಡತಿಯೇ ಕಾಕುವಿನ ಬಾಯಿಗೆ ಸಕ್ಕರೆ ಹಾಕಿದರು, ಇನ್ನು ಮುಂದೆ ಓಣಿಯ ಎಲ್ಲ ಕುಬುಸಕ್ಕೂ ನೀವೇ ಮುಂದೆ ಕೂರಬೇಕು ಎಂದರು. ಮನಸ್ಸಿನಿಂದಲೇ ಅಂದರು, ಅದರಲ್ಲಿ ಅನುಮಾನವಿಲ್ಲ. ಕಾಕು ಸಕ್ಕರೆ ನುಂಗಿ ಗೋಡೆಗೆ ಒರಗಿ ಕೂತರು.

ಹರಕೆ ತೀರಿಸಲು ಘತ್ತರಗಿಗೆ ಇಬ್ಬರೂ ಹೋದೆವು. ಭೀಮಾ ನದಿಯಲ್ಲಿ ಮುಳುಗಿ ಎದ್ದು, ದೇವಿಗೆ ಕಾಯಿ ಒಡೆಸಿ, ಮೆಟ್ಟಿಲ ಮೇಲೆ ಕೂದಲು ಒಣಗಿಸುತ್ತ ಕೂತಾಗ ಕಾಕು ಹೇಳಿದರು.

"ಸಾಕಾತವ್ವ. ಇನ್ನ ಯಾರ ಉಡಿನೂ ನಾ ತುಂಬಲ್ಲ. ಹೋಳಗಿ ಬೇಯಸ್ತೇನಿ, ಅಷ್ಟೇ."

"ಈಗ ಅವ್ರೇ ಕರ್ಯಾಕತ್ತಾರಲ್ರಿ, ಕಾಕು."

"ಕರೀತಾರ. ಹಾಕಿ ಬಂದಮ್ಯಾಲ ಆ ಕೂಸು ಹುಟ್ಟೂತನಕ ಹೊಟ್ಟ್ಯಾಗ ಬೆಂಕಿ ಇಟ್ಕೊಂಡು ಕೂಡಾಕಿ ನಾ. ನನ್ನಿಂದ ಆಗಲ್ಲ."

ಆ ವಯಸ್ಸಿಗೆ ನನಗೆ ಸಿಟ್ಟು ಬಂದಿತ್ತು. ಗೆದ್ದದ್ದನ್ನು ಯಾರಾದರೂ ಹೀಗೆ ಬಿಟ್ಟುಕೊಡುತ್ತಾರೆಯೇ ಎಂದು. ಈಗ ಆ ಸಿಟ್ಟು ಬರುವುದಿಲ್ಲ. ಸುಸ್ತು ಎಂದರೇನು ಎಂದು ಈಗ ನನಗೂ ಗೊತ್ತು.

ವರ್ಗವಾಗಿ ಆಳಂದ ಬಿಡುವ ದಿನ ನಾನೇ ಹೋಗಿ ಅವರ ಮುಂದೆ ಸೆರಗು ಹಾಸಿದೆ. ಊರು ಬಿಟ್ಟು ಹೋಗುವ ಹೆಣ್ಣುಮಗಳನ್ನು ಖಾಲಿ ಉಡಿಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಕಾಕು ಜೋಳ ತಂದರು, ಕೊಬ್ಬರಿ ತಂದರು, ತಟ್ಟೆಯನ್ನು ಕೆಳಗಿಟ್ಟು, ಬಾಗಿಲಿಗೆ ಹೋಗಿ ಖಾಲಾರನ್ನು ಕೂಗಿದರು. "ನಿಮ್ಮ ಪದ್ಧತಿ ನನಗೇನ್ ಗೊತ್ತು ಬೇ?" ಎನ್ನುತ್ತಲೇ ಖಾಲಾ ನನ್ನ ಉಡಿ ತುಂಬಿದರು. ಕಾಕು ಪಕ್ಕದಲ್ಲಿ ನಿಂತು, ಹೀಗೆ ಹಾಕು, ಈಗ ಕೊಬ್ಬರಿ ಇಡು ಎಂದು ಹೇಳಿಕೊಡುತ್ತಿದ್ದರು.

ಆಮೇಲೆ ಅವರ ಬದುಕಿನ ಸುದ್ದಿ ನನಗೆ ಅಷ್ಟಿಷ್ಟು ಫೋನಿನಲ್ಲಿ ಸಿಗುತ್ತಿತ್ತು. ಮರಿಗಳು ದೊಡ್ಡವಾದದ್ದು, ಓಣಿಯ ನಾಲ್ಕಾರು ಮನೆಗಳಲ್ಲಿ ಈಗ ಸುಳಿಯ ಗಿನಿ ಪಿಗ್ಗುಗಳಿರುವುದು, ದಲಾಲರೇ ಒಂದನ್ನು ಮೊಮ್ಮಗಳಿಗಾಗಿ ಒಯ್ದದ್ದು... ಕಾಕು ತೀರಿಕೊಂಡ ಸುದ್ದಿ ಬಂದಾಗ ನಾನು ಪರೀಕ್ಷೆಯ ಕೆಲಸದಲ್ಲಿದ್ದೆ. ಹೋಗಿ ತಲುಪುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಮನೆಗೆ ಬೀಗ ಬಿದ್ದಿತ್ತು. ಕಟ್ಟೆಯ ಮೇಲೆ ದಲಾಲರ ಸೊಸೆ ನನ್ನ ಪಕ್ಕ ಬಂದು ಕೂತಳು. ಈಗ ಎರಡು ಮಕ್ಕಳ ತಾಯಿ.

"ಎರಡನೇದ್ದಕ್ಕ ಬಸುರಿದ್ದಾಗ ಇದೇ ಕಟ್ಟಿ ಮ್ಯಾಲ ಅವರ ಮುಂದ ಸೆರಗ ಹಾಸಿ ಕುಂತಿದ್ದೆ, ಅಕ್ಕಾ. ನಮ್ಮತ್ತಿನೇ ಜ್ವಾಳದ ಬಟ್ಟಲ ತಂದು ಅವರ ಕೈಯಾಗ ಇಟ್ಟಿದ್ರು. ಕಾಕು ಬಟ್ಟಲ ಹಿಡ್ಕೊಂಡು ಕುಂತ್ರು. ಭಾಳ ಹೊತ್ತು ಕುಂತ್ರು. ಹಾಕಲಿಲ್ಲ."

ಕಾಕುವಿನ ಕೈಗೆ ಹೆದರುವವರು ಅಷ್ಟು ಹೊತ್ತಿಗೆ ಆ ಓಣಿಯಲ್ಲಿ ಯಾರೂ ಉಳಿದಿರಲಿಲ್ಲ, ಕಾಕು ಒಬ್ಬರನ್ನು ಬಿಟ್ಟು.